ನೋಡುವುದಕ್ಕೆ ಕಾಲಂ ಇಲ್ಲ

ಮಾರ್ಚ್ ೩, ಸೋಮವಾರ

ತೂಕ ೧೦೬೦ ಗ್ರಾಂ. ಹುಟ್ಟಿದ ದಿನ ೧೧೨೦ ಇತ್ತು. ಮೊದಲ ವಾರ ಇಳಿಯುವುದು ಸಹಜ ಎಂದರು ಡಾಕ್ಟರು. ಸಹಜ ಎಂದ ಮಾತ್ರಕ್ಕೆ ಹೆದರಿಕೆ ಹೋಗುವಂತಿದ್ದರೆ ಎಷ್ಟು ಚೆನ್ನಾಗಿತ್ತು. ಆಮ್ಲಜನಕ ಬೆಳಗ್ಗೆ ೮.೦೭ಕ್ಕೆ ೯೩, ೮.೨೦ಕ್ಕೆ ೯೫, ೯.೦೨ಕ್ಕೆ ೯೧. ತೊಂಬತ್ತೊಂದು ಕಂಡಾಗ ಎದ್ದು ನಿಂತುಬಿಟ್ಟೆ. ಎತ್ತರದ ಹುಡುಗಿ, ಎಲ್ಲರೂ ಉದ್ದ ಸಿಸ್ಟರ್ ಎನ್ನುತ್ತಾರೆ, ಬಂದು ಮಾನಿಟರಿನ ಗುಂಡಿಯೊಂದನ್ನು ಒತ್ತಿ ಹೋದಳು. ನನ್ನ ಮುಖ ನೋಡಲಿಲ್ಲ.

ಹನ್ನೊಂದು ವಾರ ಮೊದಲೇ ಬಂದ ಮಗು. ಗಾಜಿನ ಪೆಟ್ಟಿಗೆಯೊಳಗೆ ಮಲಗಿದ್ದಾಳೆ. ಮೂಗಿನಲ್ಲಿ ಹಾಲಿನ ನಳಿಕೆ, ಪಾದಕ್ಕೆ ಕೆಂಪು ದೀಪದ ಪಟ್ಟಿ. ಬೆನ್ನು ನನ್ನ ಅಂಗೈಯಷ್ಟು ಅಗಲ. ಕಾಲಿನ ಕಿರುಬೆರಳಲ್ಲಿ ಎಳ್ಳಿನಷ್ಟು ಉಗುರು. ಆದರೆ ಅದು ಪೂರ್ತಿ ಉಗುರೇ, ಅಂಚು ಸಮೇತ. ಇದನ್ನು ಮಾಡಿದ್ದು ನಾನೇ? ನನಗೆ ಅಂಗಿಯ ಗುಂಡಿಯೊಂದನ್ನು ನೆಟ್ಟಗೆ ಹೊಲಿಯಲು ಬರುವುದಿಲ್ಲ.

ನಿದ್ದೆಯಿಲ್ಲ. ಮಹಡಿಯ ಮೇಲಿನ ತಾಯಂದಿರ ಕೊಠಡಿಯಲ್ಲಿ ಹಾಸಿಗೆ ಕೊಟ್ಟಿದ್ದಾರೆ. ಮೂರು ಗಂಟೆಗೊಮ್ಮೆ ಎದೆಹಾಲು ತೆಗೆದು ಕೆಳಗೆ ಕೊಡಬೇಕು. ನಡುವಿನ ಹೊತ್ತಿನಲ್ಲಿ ಕಣ್ಣು ಮುಚ್ಚಿದರೆ ಅಂಕಿಗಳೇ ಓಡುತ್ತವೆ. ಓದಿದ್ದು ಸಂಖ್ಯಾಶಾಸ್ತ್ರ. ಹಾಗಾಗಿ ಬರೆದಿಡುತ್ತಿದ್ದೇನೆ. ಬರೆದದ್ದು ಕೈಗೆ ಸಿಕ್ಕಂತೆ, ಸಿಕ್ಕದ್ದು ಜಾರುವುದಿಲ್ಲವಂತೆ. ಯಾರು ಹೇಳಿದರು? ಯಾರೂ ಇಲ್ಲ, ನಾನೇ.

ಮಾರ್ಚ್ ೫, ಬುಧವಾರ

೧೦೭೫. ಹದಿನೈದು ಗ್ರಾಂ ಏರಿದೆ!

ಅತ್ತೆಗೆ ಫೋನ್ ಮಾಡಿ ಹೇಳಿದರೆ, "ಮಗು ಅದು, ಗಿಡ ಅಲ್ಲ ಕಣೇ, ದಿನಾ ಅಳೀತಾ ಕೂರೋಕೆ. ನೀನು ಊಟ ಮಾಡಿದ್ಯಾ?" ಎಂದರು. ಮಾಡಿದೆ ಎಂದು ಸುಳ್ಳು ಹೇಳಿದೆ. "ದನಿ ಕೇಳಿದ್ರೇ ಗೊತ್ತಾಗತ್ತೆ, ಮಾಡಿಲ್ಲ" ಎಂದರು.

ದೊಡ್ಡ ಸಿಸ್ಟರ್ ರಜೆ ಮುಗಿಸಿ ಬಂದಿದ್ದಾರೆ. ಇಪ್ಪತ್ತಾರು ವರ್ಷದಿಂದ ಇದೇ ಕೆಲಸ. ಹೆಸರಿಗೆ ದೊಡ್ಡವರು, ಎತ್ತರ ನನ್ನ ಭುಜಕ್ಕೂ ಬರುವುದಿಲ್ಲ. ಕೆಳಗೆ ಒಂದು ಮೆಟ್ಟಿಲು ಇಟ್ಟುಕೊಂಡೇ ಪೆಟ್ಟಿಗೆಯೊಳಗೆ ಕೈ ಹಾಕುತ್ತಾರೆ. ನನ್ನ ಮಗಳು ಎರಡೂ ಕೈ ಹೊಟ್ಟೆಯ ಮೇಲಿಟ್ಟುಕೊಂಡು ಮಲಗಿದ್ದನ್ನು ನೋಡಿ, "ಓಹೋ, ಸಭೆ ಶುರುವಾಗೋದನ್ನ ಕಾಯ್ತಾ ಕೂತಿರೋ ಹಾಗಿದೆ. ನಮಸ್ಕಾರ ಅಧ್ಯಕ್ಷರೇ" ಎಂದರು. ಪಕ್ಕದ ಪೆಟ್ಟಿಗೆಯ ಒಂಬೈನೂರು ಗ್ರಾಮಿನ ಗಂಡುಮಗುವಿಗೆ ಪೈಲ್ವಾನ ಎಂದು ಹೆಸರು. ಹುಟ್ಟಿದ ಮೇಲೆ ನನ್ನ ಮಗಳ ಬಗ್ಗೆ ಯಾರಾದರೂ ತಮಾಷೆ ಮಾಡಿದ್ದು ಇದೇ ಮೊದಲು. ನಗು ಬಂತು, ಹಿಂದೆಯೇ ಅಳು. ಎರಡನ್ನೂ ಮಾಸ್ಕಿನೊಳಗೇ ಮುಗಿಸಿದೆ.

ಇವರು, ನನ್ನ ಗಂಡ, ಪ್ರೆಸ್ಸಿನಿಂದ ನೇರ ಬಂದಿದ್ದರು. ಉಗುರಿನ ಸಂದಿಯಲ್ಲಿ ಶಾಯಿ. ದೊಡ್ಡ ಸಿಸ್ಟರ್ ಮೂರು ಸಲ ಕೈ ತೊಳೆಯಲು ವಾಪಸ್ ಕಳಿಸಿದರು. ನಾಲ್ಕನೇ ಸಲ, "ಹೋಗ್ಲಿ, ಇನ್ನು ಉಜ್ಜಿದ್ರೆ ಚರ್ಮ ಬರತ್ತೆ. ಕೈ ಬೆನ್ನ ಹಿಂದೆ ಕಟ್ಕೊಂಡು ಬರೀ ನೋಡಿ" ಎಂದರು. ಅಪ್ಪನಾದವರು ಶಾಲೆಯಲ್ಲಿ ಶಿಕ್ಷೆಗೆ ನಿಂತ ಹುಡುಗನಂತೆ ನಿಂತು ನೋಡಿದರು.

ಮಾರ್ಚ್ ೮, ಶನಿವಾರ

೧೧೦೫. ಮಧ್ಯಾಹ್ನದ ಹಾಲು ೨.೧೧ಕ್ಕೆ. ಎರಡು ಗಂಟೆಗೆ ಸರಿಯಾಗಿ ಆಗಬೇಕಿತ್ತು.

ಈ ಹನ್ನೊಂದು ನಿಮಿಷ ಏಕೆ ಹೋಗುತ್ತದೆಂದು ಕಂಡುಹಿಡಿದಿದ್ದೇನೆ. ಎರಡು ಗಂಟೆಗೆ ಪಾಳಿ ಬದಲು. ಹೋಗುವ ಸಿಸ್ಟರ್ ಪೆಟ್ಟಿಗೆಯ ಆ ಬದಿ, ಬರುವ ಸಿಸ್ಟರ್ ಈ ಬದಿ ನಿಲ್ಲುತ್ತಾರೆ. ನಿಂತು ಏನೂ ಮಾಡುವುದಿಲ್ಲ. ಮಾತಿಲ್ಲ, ಕೈ ಆಡಿಸುವುದಿಲ್ಲ. ಆಮೇಲೆ ಒಬ್ಬರು "ಹೂಂ" ಎನ್ನುತ್ತಾರೆ, ಇನ್ನೊಬ್ಬರೂ "ಹೂಂ" ಎನ್ನುತ್ತಾರೆ, ಮುಂದಿನ ಪೆಟ್ಟಿಗೆಗೆ ಹೋಗುತ್ತಾರೆ. ಕೆಲಸದ ಮಾತು, ಟ್ಯಾಬಿನಲ್ಲಿ ಬರೆಯುವುದು ಎಲ್ಲ ಅದಾದ ಮೇಲೆ. ಒಬ್ಬ ಸಿಸ್ಟರ್‌ಗೆ ಈಗ ನಾಲ್ಕು ಮಗು. ಹೊಸ ವ್ಯವಸ್ಥೆ ಬಂದು ಮೂರು ಆಸ್ಪತ್ರೆಗಳ ವಾರ್ಡನ್ನು ಇಲ್ಲಿಗೇ ಸೇರಿಸುವ ಮೊದಲು ಎರಡೇ ಮಗು ಇರುತ್ತಿದ್ದವಂತೆ. ಕೈತುಂಬ ಕೆಲಸ ಇಟ್ಟುಕೊಂಡು ಹೀಗೆ ಕಂಬದಂತೆ ನಿಂತರೆ ಹೇಗೆ?

ಉದ್ದ ಸಿಸ್ಟರ್‌ಗೆ ಕೇಳಿದೆ. "ನಂಗೂ ಇದು ಹೊಸದೇ. ನಾನು ಬಂದ ಆಸ್ಪತ್ರೇಲಿ ಇರ್ಲಿಲ್ಲ. ಇಲ್ಲಿ ಹಳಬರು ಮಾಡ್ತಾರೆ. ‘ನೋಡೋದು’ ಅಂತಾರೆ" ಎಂದಳು.

ನೋಡುವುದಂತೆ. ನೋಡುವುದಕ್ಕೆ ಮಾನಿಟರ್ ಇದೆಯಲ್ಲ.

ಮಾರ್ಚ್ ೧೧, ಮಂಗಳವಾರ

ಪ್ರತಿ ಮಂಗಳವಾರ ಮನೆಯವರ ಅಭಿಪ್ರಾಯದ ಕಾಗದ ಕೊಡುತ್ತಾರೆ, ಇದೂ ಹೊಸ ವ್ಯವಸ್ಥೆಯದೇ. ಹೆಸರು ಬರೆಯಬೇಕಿಲ್ಲ. ಎಲ್ಲ ಪ್ರಶ್ನೆಗೂ ಒಳ್ಳೆಯ ಅಂಕ ಕೊಟ್ಟೆ. ಕೊನೆಯ ಖಾಲಿ ಜಾಗದಲ್ಲಿ ಮಾತ್ರ ಬರೆದೆ: ಪಾಳಿ ಬದಲಾಗುವಾಗ ಸಿಬ್ಬಂದಿ ಪ್ರತಿ ಮಗುವಿನ ಬಳಿ ಕೆಲಸವಿಲ್ಲದೆ ನಿಲ್ಲುತ್ತಾರೆ. ಇದರಿಂದ ಹಾಲು ಕುಡಿಸುವುದು ಶನಿವಾರ ೧೧ ನಿಮಿಷ, ಭಾನುವಾರ ೯, ಸೋಮವಾರ ೧೨ ನಿಮಿಷ ತಡವಾಗಿದೆ.

ಬರೆದದ್ದು ಸತ್ಯ. ಆದರೂ ಡಬ್ಬಿಗೆ ಹಾಕುವಾಗ ಸುತ್ತ ನೋಡಿದೆ.

ಇಂದು ಮೊದಲ ಸಲ ಮಗುವನ್ನು ನನ್ನ ಬರಿ ಎದೆಯ ಮೇಲೆ ಮಲಗಿಸಿದರು. ದೊಡ್ಡ ಸಿಸ್ಟರ್ ನಳಿಕೆ, ತಂತಿ ಎಲ್ಲ ಹಿಡಿದು, ನೀರು ತುಂಬಿದ ಬಟ್ಟಲನ್ನು ಸಾಗಿಸುವವರಂತೆ ತಂದು ಇಟ್ಟರು. ಸಾವಿರದ ನೂರ ಮೂವತ್ತು ಗ್ರಾಂ. ಭಾರವೇ ಇಲ್ಲ, ಬರೀ ಬಿಸಿ. ಒಂದು ಗಂಟೆ ನಾನು ಜೋರಾಗಿ ಉಸಿರು ಬಿಡಲಿಲ್ಲ. "ಹೊಸ ವ್ಯವಸ್ಥೆ ಬರದೇ ಇದ್ದಿದ್ರೆ ನೀನು ಇವತ್ತು ಹೊರಗೆ ಕಿಟಕಿ ಹತ್ರ ನಿಂತಿರ್ತಿದ್ದೆ, ಗೊತ್ತಾ? ಮೊದಲೆಲ್ಲ ತಾಯಂದಿರನ್ನ ದಿನಕ್ಕೆ ಅರ್ಧ ಗಂಟೆ ಮಾತ್ರ ಬಿಡ್ತಿದ್ವಿ. ತಪ್ಪು ಮಾಡ್ತಿದ್ವಿ" ಎಂದರು ದೊಡ್ಡ ಸಿಸ್ಟರ್.

ಮಾರ್ಚ್ ೧೪, ಶುಕ್ರವಾರ

೧೧೬೦. ಮಧ್ಯಾಹ್ನದ ಹಾಲು ೨.೦೦. ಸರಿಯಾಗಿ ೨.೦೦!

ಮೇಲಿಂದ ಆದೇಶ ಬಂದಿದೆ. ಪಾಳಿ ಒಪ್ಪಿಸುವುದೆಲ್ಲ ಇನ್ನು ಟ್ಯಾಬಿನಲ್ಲೇ. ಪೆಟ್ಟಿಗೆಯ ಬಳಿ ನಿಲ್ಲುವಂತಿಲ್ಲ. ತಂದವರು ಹೊಸ ವ್ಯವಸ್ಥೆಯ ಅಧಿಕಾರಿಣಿ. ಸಿಸ್ಟರ್‌ಗಳು ಅವರನ್ನು ಬೆನ್ನ ಹಿಂದೆ ನಿಮಿಷದ ಮೇಡಂ ಎನ್ನುತ್ತಾರೆ, ಏಕೆಂದರೆ ಬಟ್ಟೆ ಬದಲಿಸಲು ನಾಲ್ಕು, ಹಾಲಿಗೆ ಹನ್ನೆರಡು ಎಂದು ಪ್ರತಿ ಕೆಲಸಕ್ಕೂ ನಿಮಿಷ ಗೊತ್ತುಮಾಡಿದವರು ಅವರೇ. ತೆಳ್ಳಗಿನ ಹೆಂಗಸು, ದಣಿದ ಕಣ್ಣು. "ಮನೆಯವರಿಂದಲೇ ದೂರು ಬಂದಿದೆ" ಎಂದು ಹೇಳಿದರು. ಯಾರೂ ತಿರುಗಿ ನೋಡಲಿಲ್ಲ. ದೊಡ್ಡ ಸಿಸ್ಟರ್ ಮೆಟ್ಟಿಲನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ, "ಸರಿ ಮೇಡಂ" ಎಂದರು.

ಒಂದು ಸಾಲು ಬರೆದರೆ ಇಷ್ಟು ಬೇಗ ಸರಿಹೋಗುತ್ತದೆ! ಇವರಿಗೆ ಹೇಳಿದಾಗ, "ಶಹಭಾಸ್, ನಮ್ಮ ಪ್ರೆಸ್ಸಿಗೂ ಒಂದು ಬರೀ" ಎಂದರು. ಖುಷಿಯಾಗಬೇಕಿತ್ತು. ಆಯಿತು ಕೂಡ.

ಮಾರ್ಚ್ ೧೬, ಭಾನುವಾರ

ಅಕ್ಷರ ಕೆಟ್ಟದಾಗಿದೆ.

ಮಧ್ಯಾಹ್ನ ಎರಡೂಕಾಲು. ಆಮ್ಲಜನಕ ೯೫, ಎದೆಬಡಿತ ೧೫೨, ಉಷ್ಣತೆ ಸರಿ. ಹಾಲು ಸರಿಯಾದ ಸಮಯಕ್ಕೆ. ಎಲ್ಲವನ್ನೂ ಬರೆದುಕೊಂಡಿದ್ದೆ. ನಾನು ಅಲ್ಲೇ ಕುರ್ಚಿಯಲ್ಲಿದ್ದೆ, ಮೊಣಕೈ ದೂರದಲ್ಲಿ.

ದೊಡ್ಡ ಸಿಸ್ಟರ್‌ಗೆ ಇಂದು ಆ ಕಡೆಯ ಕೋಣೆ. ಪಾಳಿ ಮುಗಿಸಿ, ಸಮವಸ್ತ್ರ ಬದಲಿಸಿ, ಹೆಗಲಿಗೆ ಚೀಲ ಹಾಕಿಕೊಂಡು ಮನೆಗೆ ಹೊರಟಿದ್ದರು. ಹಾಗೆ ಒಳಗೆ ಬರುವಂತಿಲ್ಲ. ಬಾಗಿಲಲ್ಲಿ ಕೈ ತೊಳೆದು ಒಳಗೆ ಬಂದರು. "ಅಧ್ಯಕ್ಷರಿಗೆ ನಮಸ್ಕಾರ ಹೇಳಿ ಹೋಗೋಣ ಅಂತ" ಎಂದು ನನ್ನನ್ನು ನೋಡಿ ನಕ್ಕರು. ಪೆಟ್ಟಿಗೆಯ ಕಡೆ ತಿರುಗಿದರು. ನಗು ನಿಂತಿತು.

ಎಷ್ಟು ಹೊತ್ತು ನಿಂತಿದ್ದರೋ. ಒಂದು ನಿಮಿಷವೂ ಇರಲಾರದು.

"ಕೈ ಎಲ್ಲಿ?" ಎಂದರು.

ನನಗೆ ಅರ್ಥವಾಗಲಿಲ್ಲ. ನೋಡಿದೆ. ಹೊಟ್ಟೆಯ ಮೇಲಿರಬೇಕಾದ ಎರಡೂ ಕೈ ಪಕ್ಕಕ್ಕೆ ಬಿದ್ದಿದ್ದವು, ಬಟ್ಟೆಯ ತುಂಡಿನ ಹಾಗೆ.

"ಇವಳು ನಿನ್ನೆಯ ಮಗು ಅಲ್ಲ" ಎಂದು ಉದ್ದ ಸಿಸ್ಟರ್‌ನ ಕೂಗಿದರು. "ಹಾಲು ಎಷ್ಟೊತ್ತಿಗೆ ಹೋಯ್ತು? ನಳಿಕೆಗೆ ಸಿರಿಂಜ್ ಹಾಕಿ ಹಿಂದಕ್ಕೆ ಎಳಿ ನೋಡೋಣ. ಡಾಕ್ಟ್ರನ್ನ ಕರಿ, ಈಗಲೇ."

"ಸಿಸ್ಟರ್, ಮಾನಿಟರಲ್ಲಿ ಎಲ್ಲಾ..."

"ಮಾನಿಟರ್‌ಗೆ ಹೊಟ್ಟೆ ಇಲ್ಲಮ್ಮ. ಕರಿ."

ನಳಿಕೆಯಲ್ಲಿ ಹಿಂದಕ್ಕೆ ಬಂದ ಹಾಲು ಹಸಿರಾಗಿತ್ತು. ಹೊಟ್ಟೆ ಬಿಗಿ. ಆಮೇಲೆ ಎಲ್ಲರೂ ಬಂದರು. ಎಕ್ಸ್‌ರೇ ಯಂತ್ರವನ್ನು ಪೆಟ್ಟಿಗೆಯ ಬಳಿಗೇ ತಳ್ಳಿ ತಂದರು. ನನ್ನನ್ನು ಹೊರಗೆ ಕೂರಿಸಿದರು.

ಕರುಳಿಗೆ ಸೋಂಕು, ಇನ್ನೂ ಶುರುವಿನಲ್ಲಿದೆ ಎಂದರು ಡಾಕ್ಟರು. ಹಾಲು ನಿಲ್ಲಿಸಿದ್ದಾರೆ. "ಇನ್ನೆರಡು ಸಲ ಹಾಲು ಹೋಗಿದ್ರೆ..." ಎಂದು ಶುರುಮಾಡಿ, ನನ್ನ ಮುಖ ನೋಡಿ, "ಬೇಗ ಸಿಕ್ತು" ಎಂದಷ್ಟೇ ಹೇಳಿದರು.

ದೊಡ್ಡ ಸಿಸ್ಟರ್ ಮನೆಗೆ ಹೋದದ್ದು ಐದೂವರೆಗೆ. ಚೀಲ ಹೆಗಲಿನಿಂದ ಇಳಿದೇ ಇರಲಿಲ್ಲ.

ಮಾರ್ಚ್ ೧೭, ಸೋಮವಾರ

ಕಾಯುತ್ತಿದ್ದೇವೆ.

ಮಾರ್ಚ್ ೧೮, ಮಂಗಳವಾರ

ಇವತ್ತು ಅಭಿಪ್ರಾಯದ ಕಾಗದ ಕೊಟ್ಟರು. ತೆಗೆದುಕೊಳ್ಳಲಿಲ್ಲ.

ಮಾರ್ಚ್ ೨೦, ಗುರುವಾರ

ಹೊಟ್ಟೆ ಮೆತ್ತಗಾಗಿದೆ. ಎರಡನೇ ಎಕ್ಸ್‌ರೇಯಲ್ಲಿ ಕೆಟ್ಟದ್ದೇನೂ ಇಲ್ಲ. ಇನ್ನೂ ಮೂರು ದಿನ ಹಾಲು ಇಲ್ಲ, ರಕ್ತನಾಳದಲ್ಲೇ ಆಹಾರ, ಔಷಧ.

ದೊಡ್ಡ ಸಿಸ್ಟರ್‌ಗೆ ಹೇಳಿಬಿಟ್ಟೆ. ಕೈ ತೊಳೆಯುವ ತೊಟ್ಟಿಯ ಹತ್ತಿರ, ನೀರಿನ ಸದ್ದಿನಲ್ಲಿ. "ಆ ದೂರು ಬರೆದದ್ದು ನಾನು."

"ಗೊತ್ತು."

"ಹೇಗೆ? ಹೆಸರು ಬರೆದಿರಲಿಲ್ಲ."

"ಹನ್ನೊಂದು ನಿಮಿಷ, ಒಂಬತ್ತು ನಿಮಿಷ ಅಂತ ಲೆಕ್ಕ ಹಾಕಿ ದೂರು ಬರೆಯೋರು ಈ ವಾರ್ಡಲ್ಲಿ ಇನ್ಯಾರಿದ್ದಾರಮ್ಮ? ಉಳಿದವರೆಲ್ಲ ‘ಎಲ್ಲಾ ಚೆನ್ನಾಗಿದೆ’ ಅಂತ ಬರೆದು ಪಕ್ಕದಲ್ಲಿ ಒಂದು ಹೂವಿನ ಚಿತ್ರ ಹಾಕ್ತಾರೆ."

"ಸಿಟ್ಟು ಬರಲಿಲ್ಲವಾ?"

"ಬರದೆ! ಮನೆಗೆ ಹೋಗಿ ಪಾತ್ರೆ ಉಜ್ಜಿದೆ. ಕನ್ನಡಿ ಹಾಗೆ ಹೊಳೆದ್ವು. ನಮ್ಮ ಯಜಮಾನರು ಹೆದರ್ಕೊಂಡು ಅವತ್ತು ತಟ್ಟೇನೂ ಕೇಳ್ಲಿಲ್ಲ." ಕೈ ಒರೆಸಿಕೊಂಡರು. "ನೀನು ಬರೆದದ್ದರಲ್ಲಿ ಸುಳ್ಳಿರಲಿಲ್ಲ. ಹಾಲು ತಡ ಆಗ್ತಿತ್ತು. ನಾವು ಯಾಕೆ ನಿಲ್ತೀವಿ ಅಂತ ನಿಂಗೆ ಹೇಳಬೇಕಿತ್ತು, ಹೇಳ್ಲಿಲ್ಲ. ಇಷ್ಟು ವರ್ಷ ಯಾರೂ ಕೇಳಿರ್ಲೇ ಇಲ್ಲ ನೋಡು."

ಕ್ಷಮೆ ಕೇಳಲು ಬಾಯಿ ತೆರೆದೆ. "ಅದೆಲ್ಲ ಆಮೇಲೆ. ಬಾ ಇಲ್ಲಿ" ಎಂದು ಮಗುವಿನ ಮುಂದೆ ನಿಲ್ಲಿಸಿದರು. "ಕಾಲಿಂದ ಶುರುಮಾಡು. ಮುಖದಿಂದ ಶುರುಮಾಡಿದ್ರೆ ತಾಯಂದಿರಿಗೆ ಮಿಕ್ಕಿದ್ದು ಕಾಣಲ್ಲ. ಪಾದ, ಮೊಣಕಾಲು, ಹೊಟ್ಟೆ, ಎದೆ. ಮುಖ ಕೊನೆಗೆ. ಏನನ್ನೂ ಹುಡುಕಬೇಡ. ನಿನ್ನೆ ಹೇಗಿದ್ಲು ಅನ್ನೋದನ್ನ ಜೊತೇಲಿ ಇಟ್ಕೊಂಡು ಸುಮ್ನೆ ನಿಂತ್ಕೋ."

ನಿಂತೆ. ಇಪ್ಪತ್ನಾಲ್ಕು ದಿನದಿಂದ ನಾನು ಈ ಮಗುವನ್ನು ಬಿಟ್ಟು ಕದಲಿಲ್ಲ. ಅವಳ ಪಾದದ ಅಡಿ ನೇರಳೆ, ಬೆರಳಿನ ತುದಿ ಗುಲಾಬಿ ಎಂಬುದನ್ನು ಇಂದು ನೋಡಿದೆ. ಉಸಿರು ಒಳಗೆ ಹೋಗುವಾಗ ಪಕ್ಕೆಲುಬಿನ ಕೆಳಗೆ ಒಂದು ಸಣ್ಣ ಕುಳಿ ಬೀಳುತ್ತದೆ, ಮತ್ತೆ ತುಂಬುತ್ತದೆ. ಮತ್ತೆ ಬೀಳುತ್ತದೆ. ಇಷ್ಟು ದಿನ ಇದೆಲ್ಲ ನನ್ನ ಎದುರಿಗೇ ನಡೆಯುತ್ತಿತ್ತು, ನಾನು ತಲೆಯೆತ್ತಿ ಅಂಕಿಗಳನ್ನು ನೋಡುತ್ತಿದ್ದೆ.

ಮಾರ್ಚ್ ೨೩, ಭಾನುವಾರ

ಹಾಲು ಮತ್ತೆ ಶುರು. ಒಂದು ಮಿಲಿ. ಒಂದು ಚಮಚೆಯ ಐದರಲ್ಲೊಂದು ಪಾಲು. ಕೊಟ್ಟದ್ದನ್ನು ನಾಲಿಗೆ ಚಾಚಿ ಹುಡುಕಿದಳು; ನಳಿಕೆಯಲ್ಲಿ ಹೋದ ಹಾಲಿನ ರುಚಿ ನಾಲಿಗೆಗೆ ಹೇಗೆ ಗೊತ್ತಾಗುತ್ತದೋ. ಕೈ ಹೊಟ್ಟೆಯ ಮೇಲೆ ವಾಪಸ್ ಬಂದಿದೆ. ಉದ್ದ ಸಿಸ್ಟರ್ ಜೋರಾಗಿ, "ಸಭೆ ಮುಂದುವರಿದಿದೆ!" ಎಂದಳು. ಪೈಲ್ವಾನನ ತಾಯಿ ಚಪ್ಪಾಳೆ ತಟ್ಟಲು ಹೋಗಿ, ವಾರ್ಡಲ್ಲಿ ಸದ್ದು ಮಾಡಬಾರದೆಂದು ನೆನಪಾಗಿ, ಎರಡೂ ಕೈ ಗಾಳಿಯಲ್ಲೇ ನಿಲ್ಲಿಸಿದರು.

ಅತ್ತೆ ಬಂದಿದ್ದರು. ಗಾಜಿನಾಚೆ ನಿಂತು ಬಹಳ ಹೊತ್ತು ನೋಡಿದರು. ಕೊನೆಗೆ, "ಇಷ್ಟೇ ಇಷ್ಟು ಜಾಗದಲ್ಲಿ ಜೀವ ಹೇಗೆ ಹಿಡಿಸ್ತೋ" ಎಂದರು.

ಆದರೆ ಎರಡು ಗಂಟೆಗೆ ಈಗಲೂ ಯಾರೂ ನಿಲ್ಲುವುದಿಲ್ಲ. ಹಳಬರು ಕೆಲವರು ಹಾದುಹೋಗುತ್ತಾ ಕಳ್ಳರ ಹಾಗೆ ನೋಡುತ್ತಾರೆ. ಹೊಸದಾಗಿ ಬಂದ ಸಿಸ್ಟರ್‌ಗಳಿಗೆ ಅದನ್ನು ಕಲಿಸುವವರೂ ಇಲ್ಲ. ಇಪ್ಪತ್ತೆರಡು ಪೆಟ್ಟಿಗೆಗಳಿವೆ. ನನ್ನ ಮಗಳಿಗೆ ಅಂದು ಮನೆಗೆ ಹೊರಟವರು ಸಿಕ್ಕಿದರು. ನಾಳೆ ಪೈಲ್ವಾನನಿಗೆ?

ಮಾರ್ಚ್ ೨೬, ಬುಧವಾರ

ನಿಮಿಷದ ಮೇಡಂ ಕೋಣೆಗೆ ಹೋದೆ. ಗೋಡೆಯ ಪರದೆಯ ತುಂಬ ಚೌಕಗಳು, ಹಸಿರು, ಹಳದಿ, ಕೆಂಪು. ನಮ್ಮ ವಾರ್ಡು ಈ ವಾರ ಪೂರ್ತಿ ಹಸಿರು.

"ನನ್ನ ದೂರು ವಾಪಸ್ ತಗೋಬೇಕಿತ್ತು ಮೇಡಂ."

ಹುಡುಕಿದರು. "ಇದು ಪರಿಹಾರ ಆಗಿದೆ ಅಂತ ಮುಚ್ಚಿದೆ. ಮುಚ್ಚಿದ್ದನ್ನ ತೆರೆಯೋಕಾಗಲ್ಲ."

"ಬರೆದವಳೇ ತಪ್ಪು ಅಂತಿದ್ದೀನಲ್ಲ."

"ಅದಕ್ಕೆ ಇದರಲ್ಲಿ ಆಯ್ಕೆ ಇಲ್ಲಮ್ಮ" ಎಂದರು, ಪಾಪ, ನಿಜವಾಗಿಯೂ ಬೇಸರದಿಂದ. ಮಗುವಿಗೆ ಆದದ್ದನ್ನೆಲ್ಲ ಹೇಳಿದೆ. ಪೆನ್ನು ಕೆಳಗಿಟ್ಟು ಕೇಳಿದರು. ಆಮೇಲೆ ಅವರೂ ಒಂದು ಹೇಳಿದರು. "ಈ ಟ್ಯಾಬೆಲ್ಲ ಬರೋ ಮೊದಲು ಒಂದು ಕಡೆ ಒಂದೇ ಮಗುಗೆ ಒಂದೇ ಔಷಧ ಎರಡು ಸಲ ಹೋಯ್ತು. ಇವರು ಕೊಟ್ಟಿದ್ದು ಅವರಿಗೆ ಗೊತ್ತಿಲ್ಲ. ಆ ಮಗುವಿನ ತಾಯಿ ನನ್ನೆದುರಿಗೆ ಹೀಗೇ ಕೂತಿದ್ರು, ನಿಮ್ಮ ಹಾಗೆ. ಅವರಿಗೆ ಏನು ಹೇಳ್ಲಿ? ನಿಮಿಷದ ಮೇಡಂ ಅಂತಾರೆ ಅನ್ನೋದು ನಂಗೂ ಗೊತ್ತು. ಅನ್ನಲಿ."

ನಾನು ತಲೆ ತಗ್ಗಿಸಿದೆ. ಅವರಿಗೆ ಗೊತ್ತಿಲ್ಲ ಎಂದುಕೊಂಡಿದ್ದೆ.

"ಹೊಸದಾಗಿ ಬರೆದು ಕೊಡಿ" ಎಂದರು. "ಆ ನಿಂತು ನೋಡೋದು ಅಂದ್ರೆ ಏನು, ಎಷ್ಟು ನಿಮಿಷ, ಅದರಿಂದ ಏನು ಸಿಗತ್ತೆ. ಇಲ್ಲಿ ಯಾವ ಕಾಲಂನಲ್ಲಿ ಹಾಕ್ಲಿ ಅಂತಾದ್ರೂ ಹೇಳಿ."

ಮೇಲೆ ಬಂದು ಐದು ಸಲ ಬರೆದೆ, ಐದು ಸಲ ಹರಿದೆ. ಸಂಖ್ಯಾಶಾಸ್ತ್ರದಲ್ಲಿ ಮೊದಲ ದರ್ಜೆ ನನ್ನದು. ಸಿಕ್ಕಿದ್ದನ್ನು ಎಣಿಸಬಹುದು. ಆಗದೇ ಹೋದದ್ದನ್ನು ಎಣಿಸುವುದು ಹೇಗೆ? ಕೊನೆಗೆ ಒಂದೇ ಸಾಲು ಬರೆದು ಕಳಿಸಿದೆ: ಒಂದು ಸಲ ಎರಡು ಗಂಟೆಗೆ ವಾರ್ಡಿಗೆ ಬನ್ನಿ.

ಮಾರ್ಚ್ ೨೮, ಶುಕ್ರವಾರ

ಬಂದರು! ಕೈ ತೊಳೆದು, ಮೇಲಂಗಿ ಹಾಕಿಕೊಂಡು, ಫೋನಿನಲ್ಲಿ ನಿಮಿಷ ಎಣಿಸುವುದನ್ನು ತೆರೆದು ಹಿಡಿದುಕೊಂಡು. "ಇವತ್ತೊಂದು ದಿನ ನೀವು ಮೊದಲು ಮಾಡ್ತಿದ್ದ ಹಾಗೆ ಮಾಡಿ" ಎಂದರು.

ದೊಡ್ಡ ಸಿಸ್ಟರ್ ಹೋಗುವವರು, ಉದ್ದ ಸಿಸ್ಟರ್ ಬರುವವಳು. ನನ್ನ ಮಗಳ ಆ ಬದಿ ಒಬ್ಬರು, ಈ ಬದಿ ಒಬ್ಬರು. ಇಪ್ಪತ್ತು ದಿನದ ಹಿಂದೆ ಇದನ್ನೇ ನೋಡಿ ಕಂಬದ ಹಾಗೆ ನಿಂತಿದ್ದಾರೆ ಎಂದು ಬರೆದವಳು ನಾನೇ. ಕಂಬಗಳು ಎಲ್ಲಿ ಹೀಗೆ ನಿಲ್ಲುತ್ತವೆ? ದೊಡ್ಡ ಸಿಸ್ಟರ್‌ನ ಇಡೀ ಮುಖ ಕಿವಿಗೊಟ್ಟಂತಿತ್ತು. ಉದ್ದ ಸಿಸ್ಟರ್ ತುಸು ಬಾಗಿ, ತನ್ನ ಉಸಿರಿನ ಲಯವನ್ನು ಮಗುವಿನ ಉಸಿರಿಗೆ ಹೊಂದಿಸಿಕೊಂಡಂತೆ ಕಂಡಳು. ಅವಳಿಗೇ ಗೊತ್ತಿತ್ತೋ ಇಲ್ಲವೋ. ವಾರ್ಡಿನಲ್ಲಿ ಯಂತ್ರಗಳ ಸದ್ದು ಇದ್ದೇ ಇತ್ತು, ಆದರೂ ಏನೋ ನಿಶ್ಶಬ್ದವಾಯಿತು.

"ಹೂಂ."

"ಹೂಂ."

ನಾಲ್ಕೂ ಪೆಟ್ಟಿಗೆ ಮುಗಿದ ಮೇಲೆ ಮೇಡಂ ಕೇಳಿದರು. "ಏನು ಕಂಡ್ರಿ?"

"ಏನೂ ಇಲ್ಲ ಮೇಡಂ. ನಾಲ್ಕೂ ಮಕ್ಕಳು ಚೆನ್ನಾಗಿದ್ದಾರೆ."

"ಏನೂ ಇಲ್ಲ ಅನ್ನೋದಕ್ಕೆ ನಾನು ನಿಮಿಷ ಕೊಡ್ಬೇಕಾ ಸಿಸ್ಟರ್?"

"ಹೌದು ಮೇಡಂ. ಅದಕ್ಕೇ" ಎಂದರು ದೊಡ್ಡ ಸಿಸ್ಟರ್. "ಏನೂ ಇಲ್ಲದಾಗ ಹೇಗಿರ್ತಾರೆ ಅಂತ ದಿನಾ ನೋಡಿದ್ರೆ ತಾನೇ, ಏನಾದ್ರೂ ಆದ ದಿನ ಗೊತ್ತಾಗೋದು?"

ದೊಡ್ಡ ಸಿಸ್ಟರ್ ನನ್ನ ಮಗಳ ಪೆಟ್ಟಿಗೆಗೆ ವಾಪಸ್ ಬಂದು, ತಮ್ಮ ಮೆಟ್ಟಿಲನ್ನು ಸರಿಸಿ ಜಾಗ ಬಿಟ್ಟರು. "ನೀವೂ ನೋಡಿ. ಕಾಲಿಂದ."

"ತೊಂಬತ್ತಾರು ಇದೆ" ಎಂದರು ಮೇಡಂ.

"ಅದು ಮಾನಿಟರು. ಮಗು ನೋಡಿ."

ಮೇಡಂ ನಿಂತರು. ಮೊದಲು ನಮ್ಮ ಎದುರು ನಾಚಿಕೊಂಡು ನಿಂತಂತಿತ್ತು. ಆಮೇಲೆ ಭುಜ ಇಳಿಯಿತು. ಎಷ್ಟೋ ಹೊತ್ತಾದ ಮೇಲೆ ಬಹಳ ಮೆಲ್ಲಗೆ, "ಇವಳು ಉಸಿರು ಎಳ್ಕೊಂಡಾಗಲೆಲ್ಲ ಎಡಗೈ ಕಿರುಬೆರಳು ಒಂಚೂರು ಎದ್ದು ನಿಲ್ಲತ್ತೆ" ಎಂದರು.

ದೊಡ್ಡ ಸಿಸ್ಟರ್ ಮುಂದೆ ಬಾಗಿದರು. ನಾನೂ ಬಾಗಿದೆ. ಹೌದು. ಉಸಿರು ಬಂತು, ಕಿರುಬೆರಳು ಎದ್ದಿತು. ಉಸಿರು ಹೋಯಿತು, ಮಲಗಿತು. ಇಪ್ಪತ್ತಾರು ವರ್ಷ ನೋಡಿದವರೂ ಕಂಡಿರಲಿಲ್ಲ, ಹೆತ್ತ ನಾನೂ ಕಂಡಿರಲಿಲ್ಲ. "ಅಯ್ಯೋ, ಹೌದಲ್ಲ!" ಎಂದರು ದೊಡ್ಡ ಸಿಸ್ಟರ್, ಸಿಹಿ ಕಂಡ ಮಗುವಿನ ಹಾಗೆ.

"ಎಷ್ಟು ನಿಮಿಷ ಆಯ್ತು ಮೇಡಂ?" ಎಂದು ಉದ್ದ ಸಿಸ್ಟರ್ ಕೇಳಿದಳು, ತುಂಟಿ.

ಮೇಡಂ ಫೋನ್ ನೋಡಿದರು. ಒತ್ತುವುದನ್ನೇ ಮರೆತಿದ್ದರು.

ಏಪ್ರಿಲ್ ೨, ಬುಧವಾರ

ಮೂರು ತಿಂಗಳ ಮಟ್ಟಿಗೆ ಪ್ರಯೋಗ ಎಂದು ಒಪ್ಪಿದ್ದಾರೆ. ಪಾಳಿಗೊಂದು ಸಲ, ಮಗುವೊಂದಕ್ಕೆ ಎರಡು ನಿಮಿಷ. ಹಾಲಿನ ಸಮಯವನ್ನು ಎರಡೂಕಾಲಿಗೆ ಸರಿಸಿದ್ದಾರೆ, ಅಷ್ಟೇ. ಇಷ್ಟು ಸುಲಭವಾದದ್ದು ನಮಗೆ ಯಾರಿಗೂ ಹೊಳೆದಿರಲಿಲ್ಲ. ಟ್ಯಾಬಿನಲ್ಲಿ ಹೊಸ ಸಾಲು ಬಂದಿದೆ. ಹೆಸರೇನಿಡಬೇಕೆಂದು ಮೇಲಿನವರು ಎರಡು ದಿನ ಚರ್ಚಿಸಿದರಂತೆ. ಕೊನೆಗೆ ‘ನೋಡುವುದು’ ಎಂದೇ ಹಾಕಿದ್ದಾರೆ. ಮೂರು ತಿಂಗಳಾದ ಮೇಲೆ ಏನೋ, ಗೊತ್ತಿಲ್ಲ. "ತೆಗೆದರೆ?" ಎಂದೆ. "ಇವರಿಗೆಲ್ಲ ಕಲಿಸೋಕೆ ಮೂರು ತಿಂಗಳು ಸಾಕು" ಎಂದರು ದೊಡ್ಡ ಸಿಸ್ಟರ್. "ಕಲಿತ ಕಣ್ಣನ್ನ ಯಾವ ಆದೇಶ ಮುಚ್ಚತ್ತೆ?"

ಮಗು ಈಗ ಬಟ್ಟೆ ತೊಟ್ಟಿದ್ದಾಳೆ. ಅಂಗಿಯ ತೋಳು ಎರಡು ಮಡಿಕೆ. ಸೀನಿದಳು. ಇಷ್ಟು ಸಣ್ಣ ಮೂಗಿನಲ್ಲಿ ಇಷ್ಟು ದೊಡ್ಡವರ ಸೀನು.

ಏಪ್ರಿಲ್ ೭, ಸೋಮವಾರ

ಮಧ್ಯಾಹ್ನ ಕುರ್ಚಿಯಲ್ಲೇ ನಿದ್ದೆ ಬಂದುಬಿಟ್ಟಿತ್ತು, ಅವಳು ಎದೆಯ ಮೇಲೆ. ಎದ್ದಾಗ ಯಾರೋ ಕಾಲಿಗೆ ಹೊದಿಕೆ ಹಾಕಿದ್ದರು.

ಏಪ್ರಿಲ್ ೧೧, ಶುಕ್ರವಾರ

ಟ್ಯಾಬಿನ ಪರದೆಯಲ್ಲಿ ನಮ್ಮ ಮಗುವಿನ ಚೌಕ ಹಸಿರಾಗಿದೆ. ತೂಕ, ಹಾಲು, ಉಸಿರು, ಎಲ್ಲ ಗೊತ್ತುಮಾಡಿದ ಗೆರೆ ದಾಟಿದೆ, ಮನೆಗೆ ಹೋಗಬಹುದು. ಮಗು ಹಸಿರಾದ ದಿನವೇ ಕಳಿಸುವುದು ಹೊಸ ಪದ್ಧತಿ. ಹೊರಗೆ ಬೇರೆ ಮಕ್ಕಳು ಕಾಯುತ್ತಿರುತ್ತಾರೆ.

ಡಾಕ್ಟರು ಬಂದು, "ಏನಮ್ಮ, ಹೊರಡ್ತೀರಾ?" ಎಂದರು.

ನಾನು ನೋಡಿದೆ. ಚೆನ್ನಾಗಿದ್ದಳು. ಆದರೆ ಬೆಳಗಿನ ಹಾಲು ಮುಗಿಸುವ ಹೊತ್ತಿಗೆ ಹುಬ್ಬು ಗಂಟಿಕ್ಕಿ, ಕೆಲಸ ಮುಗಿಸಿ ಬಂದವಳಂತೆ ಕೈ ಚೆಲ್ಲಿದ್ದಳು. ನಿನ್ನೆ ಹಾಗೆ ಮಾಡಿರಲಿಲ್ಲ.

"ಇವತ್ತು ಬೇಡ ಡಾಕ್ಟ್ರೇ" ಎಂದೆ. ನನ್ನ ದನಿ ಕೇಳಿ ನನಗೇ ಆಶ್ಚರ್ಯ. "ಇವತ್ತು ಸುಸ್ತಾಗಿದ್ದಾಳೆ."

ಡಾಕ್ಟರು ಪರದೆ ನೋಡಿದರು, ನನ್ನನ್ನು ನೋಡಿದರು, ಆಮೇಲೆ ಅವಳನ್ನು ನೋಡಿದರು. ಬಹಳ ಹೊತ್ತು. "ಸರಿ, ಎರಡು ದಿನ ನೋಡೋಣ" ಎಂದರು. ಇವರು ಮಾತ್ರ, ಕರೆದೊಯ್ಯಲು ರಜೆ ಹಾಕಿ, ಹೊಸ ಹೊದಿಕೆ ತಂದು, ಉಗುರು ಬಿಳಿಯಾಗುವವರೆಗೆ ಉಜ್ಜಿಕೊಂಡು ಬಂದವರು, ಮುಖ ಸಪ್ಪೆ ಮಾಡಿಕೊಂಡು ವಾಪಸ್ ಹೋದರು.

ಏಪ್ರಿಲ್ ೧೨, ಶನಿವಾರ

ಏನೂ ಆಗಲಿಲ್ಲ. ನಿನ್ನೆ ಹೋಗಿದ್ದರೂ ಆಗುತ್ತಿರಲಿಲ್ಲವೇನೋ. ಯಾರಿಗೂ ಗೊತ್ತಾಗುವುದಿಲ್ಲ. ಪೈಲ್ವಾನನ ತಾಯಿ, "ಹಾಗಾದ್ರೆ ಸುಮ್ನೆ ಉಳ್ಕೊಂಡ್ರಾ?" ಎಂದು ಕೇಳಿದರು. ಹೌದು ಎಂದೆ.

ಏಪ್ರಿಲ್ ೧೪, ಸೋಮವಾರ

ಇಂದು ದೊಡ್ಡ ಸಿಸ್ಟರ್‌ಗೆ ವಾರದ ರಜೆ. ಬೆಳಗಿನ ಪಾಳಿ ಉದ್ದ ಸಿಸ್ಟರ್‌ದು. ಬ್ಯಾಗ್ ಕಟ್ಟಿ ಆಗಿತ್ತು. ಡಾಕ್ಟರು ಸಹಿ ಹಾಕಿ, "ತೂಕ ಬರ್ಕೊಂಡ್ರಾ?" ಎಂದರು. ಇಲ್ಲ, ಕೇಳಿಸಿಕೊಂಡೆ, ಮರೆತೆ. ಕಾಗದದಲ್ಲಿ ಇರುತ್ತದೆ.

ಉದ್ದ ಸಿಸ್ಟರ್ ಮಗುವಿನ ಕಾಲಿನಿಂದ ಕೆಂಪು ದೀಪದ ಪಟ್ಟಿ ಬಿಚ್ಚಿದಳು. ಮಾನಿಟರಿನ ಅಂಕಿಗಳೆಲ್ಲ ಒಮ್ಮೆಗೇ ಗೆರೆಯಾದವು. ನಲವತ್ತೊಂಬತ್ತು ದಿನದಲ್ಲಿ ಮೊದಲ ಸಲ ಅವಳ ಬಗ್ಗೆ ಯಾವ ಯಂತ್ರಕ್ಕೂ ಏನೂ ಗೊತ್ತಿರಲಿಲ್ಲ.

"ನೀವು ಹೇಳಿ" ಎಂದಳು ಉದ್ದ ಸಿಸ್ಟರ್. "ನಾನು ಆಗಲೇ ನೋಡಿದೆ. ನೀವು ನೋಡಿ ಹೇಳಿ, ಅಧ್ಯಕ್ಷರು ಇವತ್ತು ಹೋಗ್ತಾರಾ?"

ಇವರು ತೊಟ್ಟಿಯ ಹತ್ತಿರ ಕೈ ಉಜ್ಜುತ್ತಾ ನಿಂತಿದ್ದರು.

ಕಾಲಿನಿಂದ ಶುರುಮಾಡಿದೆ. ಪಾದ ಬೆಚ್ಚಗೆ, ಅಡಿಯಲ್ಲಿ ಈಗ ನೇರಳೆ ಇಲ್ಲ. ಮೊಣಕಾಲಿನಲ್ಲಿ ಒಂದು ಮಡಿಕೆ ಬಂದಿದೆ, ಸ್ವಂತದ್ದು. ಹೊಟ್ಟೆ ಮೆತ್ತಗೆ ಏರಿ ಇಳಿಯುತ್ತಿತ್ತು. ಎದೆಯಲ್ಲಿ ಕುಳಿ ಬೀಳುತ್ತಿರಲಿಲ್ಲ. ಕುತ್ತಿಗೆಯ ನೆರಳಿನಲ್ಲಿ ಒಣಗಿದ ಹಾಲಿನ ಒಂದು ಗೆರೆ. ಗಲ್ಲ. ತುಟಿ ಒದ್ದೆ, ಬಣ್ಣ ಸರಿ. ಆತುರಪಡದೆ ಒಂದೊಂದನ್ನೇ ದಾಟಿ ಕೊನೆಗೆ ಮುಖಕ್ಕೆ ಬಂದೆ.

ಅವಳ ಕಣ್ಣು ತೆರೆದಿತ್ತು. ತೆರೆದದ್ದನ್ನು ಮೊದಲೂ ಕಂಡಿದ್ದೇನೆ, ಬೆಳಕಿನ ಕಡೆ, ಸದ್ದಿನ ಕಡೆ, ಎಲ್ಲಿಯೂ ಇಲ್ಲದ ಕಡೆ. ಇಂದು ಹಾಗಲ್ಲ. ಕಡುಬಣ್ಣದ ಎರಡು ಕಣ್ಣು ನನ್ನ ಮೇಲೇ ನಿಂತಿದ್ದವು. ನಾನು ಕದಲಲಿಲ್ಲ. ಅವಳು ನನ್ನ ಗಲ್ಲದಿಂದ ಶುರುಮಾಡಿ ಮೂಗು ದಾಟಿ ಹಣೆಯವರೆಗೆ ಹೋಗಿ, ಕಣ್ಣಿಗೆ ಬಂದು ನಿಂತಳು. ನನ್ನಲ್ಲಿ ಏನು ಕಾಣುತ್ತಿತ್ತೋ, ನಿದ್ದೆಗೆಟ್ಟ ಮುಖ, ಕೆದರಿದ ಕೂದಲು. ಅವಸರವಿಲ್ಲದೆ ಎಲ್ಲವನ್ನೂ ನೋಡಿದಳು. ಈವರೆಗೆ ಯಾರೂ ನನ್ನನ್ನು ಅಷ್ಟು ಹೊತ್ತು ನೋಡಿರಲಿಲ್ಲ.

ಆಮೇಲೆ, ನೋಡಿದ್ದು ಮುಗಿಯಿತೆಂಬಂತೆ, ಬಾಯಿ ತುಂಬ ಆಕಳಿಸಿದಳು.

"ಹೊರಡೋಣ" ಎಂದೆ.